ತಿಕ್ಕಿ ಹೋದ ಮುಖ

ನನ್ನ ಅಣ್ಣನ ಬೆರಳ ತುದಿಗಳು ಯಾವಾಗಲೂ ಅರಸಿನ ಮೆತ್ತಿದ ಹಾಗೆ ಹಳದಿ. ಹಂಪನಕಟ್ಟೆಯ ಒಂದು ಪ್ರೆಸ್ಸಿನಲ್ಲಿ ಆಸಿಡ್ಡಿನಿಂದ ಚಿತ್ರದ ಅಚ್ಚಿನ ಬ್ಲಾಕು ಮಾಡುವುದು ಅವನ ಕೆಲಸ. ಆ ಬಣ್ಣ ಸೋಪಿಗೆ ಬಗ್ಗುತ್ತಿರಲಿಲ್ಲ. ಊಟಕ್ಕೆ ಕೂತಾಗ, "ನನ್ನ ಸಾರಿಗೆ ಅರಸಿನ ಹಾಕಬೇಡ ಮಾರಾಯ್ತಿ, ಕೈಯಲ್ಲೇ ಉಂಟು" ಎಂದು ನಗುತ್ತಿದ್ದ.

ಐವತ್ತರ ದಶಕದ ಕೊನೆ ಅದು. ಅಮ್ಮ ತೀರಿಕೊಂಡ ಮೇಲೆ ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಅತ್ತಾವರದ ಮನೆಯ ಒಲೆ ನೋಡಿಕೊಂಡವಳು ನಾನು. ನಾನು ಮಸಾಲೆ ಅರೆಯುವಾಗ ಅವನು ಹಳೆಯ ರಷ್ಯನ್ ಕತೆಗಳನ್ನು ಕೊಂಕಣಿಯಲ್ಲಿ ಹೇಳುತ್ತಿದ್ದ. ಒಂದರಲ್ಲಿ, ಸೆರೆಯಲ್ಲಿದ್ದ ಅಣ್ಣನಿಗೆ ರೊಟ್ಟಿ ಕೊಡಲು ತಂಗಿಯೊಬ್ಬಳು ಹಿಮದಲ್ಲಿ ಬರಿಗಾಲಲ್ಲಿ ಹೋಗುತ್ತಾಳೆ. "ಇಡೀ ಪುಸ್ತಕದಲ್ಲಿ ದೊಡ್ಡವಳೆಂದರೆ ಇವಳೇ" ಎನ್ನುತ್ತಿದ್ದ.

ಆ ಕತೆಗೆ ಚಿತ್ರ ಮಾಡಲು ಹೊರಟ. ತಾಮ್ರದ ತಗಡಿಗೆ ಮೇಣ ಹಚ್ಚಿ, ಸೂಜಿಯಲ್ಲಿ ಗೀರಿ, ಆಸಿಡ್ಡಿನಲ್ಲಿ ಅದ್ದುವುದು. ಗೀರಿದಲ್ಲಿ ತಾಮ್ರ ತಗ್ಗಾಗುತ್ತದೆ. ಅಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ. ತಂಗಿಯ ಮುಖಕ್ಕೆ ಮಾದರಿಯಾಗಿ ನನ್ನನ್ನೇ ಕೂರಿಸಿದ. ಒಂದು ಮಳೆಗಾಲ ಆ ಮುಖಕ್ಕೇ ಹೋಯಿತು. ಹೊಸ ಭತ್ತ ಮನೆಗೆ ತರುವ ತೆನೆಹಬ್ಬ ಮುಗಿದ ಮೇಲೆ ಒತ್ತುವುದೆಂದು ಇಟ್ಟಿದ್ದ.

ತಗಡು ನೋಡಿದ ನೆರೆಮನೆಯ ಅಕ್ಕ, "ಎಂತ ಮಾರಾಯ, ಸಿಡುಬಿನ ಕಲೆ ಒಂದೂ ಬಿಡಲಿಲ್ಲವಲ್ಲ! ಗಂಡಿನ ಕಡೆಯವರಿಗೆ ಫೋಟೋ ಯಾಕೆ, ಇದನ್ನೇ ಕಳಿಸು" ಎಂದರು.

"ಕಲೆ ಇಲ್ಲದಿದ್ದರೆ ಅದು ಇವಳೇ ಅಲ್ಲ ಅಕ್ಕಾ" ಎಂದು ಅಣ್ಣ ನಕ್ಕ. ನನಗೆ ಸಂಬಂಧ ನೋಡುತ್ತಿದ್ದ ಕಾಲ. ಅವನೂ ಗೇಲಿ ಮಾಡಿದನೆಂದೇ ತಿಳಿದೆ.

ತೆನೆಹಬ್ಬದ ಮುನ್ನಾದಿನ ಮನೆಯ ತಾಮ್ರವನ್ನೆಲ್ಲ ಹುಣಸೆಹುಳಿ, ಹಂಚಿನ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುವುದು ನಮ್ಮ ರೂಢಿ. ಹಂಡೆ, ಚೆಂಬು ಆದ ಮೇಲೆ ಆ ತಗಡನ್ನೂ ಬಾವಿಕಟ್ಟೆಗೆ ತಂದೆ. ಮೊದಲು ಮುಖವನ್ನು, ಕೂದಲೆಳೆಯಂಥ ಗೀರುಗಳೆಲ್ಲ ಸವೆಯುವ ತನಕ ತಿಕ್ಕಿದೆ. ಅನುಮಾನ ಬಾರದಿರಲಿ ಎಂದು ಉಳಿದದ್ದನ್ನೂ.

ಸಂಜೆ ಅವನು ತಗಡನ್ನು ಬೆಳಕಿಗೆ ಹಿಡಿದು, ಮುಖವಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಹಬ್ಬ ಅಲ್ವಾ, ಹಾಗೆ ತಿಕ್ಕಿದೆ" ಎಂದೆ.

"ನಿನಗೆ ಹೇಳಿಡಬೇಕಿತ್ತು. ತಪ್ಪು ನನ್ನದು."

ಹೇಳಿರಲಿಲ್ಲವೇ? ಉಗುರು ಕೂಡ ತಾಗಬಾರದೆಂದು ದಿನಾ ಹೇಳುತ್ತಿದ್ದ.

"ಇನ್ನೊಮ್ಮೆ ಕೂತುಕೊಳ್ತೀಯಾ?" ಎಂದು ಕೇಳಿದ.

"ನನಗೆ ಪುರುಸೊತ್ತಿಲ್ಲ" ಎಂದೆ.

ಬೇರೆ ಮುಖ ಅವನು ಹುಡುಕಲಿಲ್ಲ. ಆ ತಂಗಿಯಿಲ್ಲದೆ ಕತೆಯೇ ಇಲ್ಲವೆಂದು ಆ ಚಿತ್ರವನ್ನೇ ಕೈಬಿಟ್ಟ. ಮುಂದೆ ಕೆಲವೇ ವರ್ಷಗಳಲ್ಲಿ ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದ. ಹೇಳಿಬಿಡಬೇಕೆಂದು ಮಂಚದ ಬಳಿ ಕೂತೆ. "ಅಣ್ಣಾ, ಅವತ್ತು ಆ ತಗಡು..."

"ತಪ್ಪು ನನ್ನದು ಅಂತ ಅವತ್ತೇ ಹೇಳಿದ್ದೇನಲ್ಲ" ಎಂದು ನನ್ನ ಕೈ ತಟ್ಟಿದ.

ನಾನು ಅವನ ಹೊದಿಕೆ ಸರಿಪಡಿಸಿದೆ, ಅಷ್ಟೇ. ಮಾರನೆಯ ಬೆಳಿಗ್ಗೆ, ನನ್ನ ತಪ್ಪನ್ನು ತನ್ನದಾಗಿಸಿಕೊಂಡೇ ಅವನು ಹೋದ.