ಹಸೆಮಣೆಯ ಅಂಚು ಕರಕಲಾದಾಗ

ನನಗೆ ಮೂಗಿನ ತುದಿಯಲ್ಲೇ ಕೋಪ. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಪೆರಂಬೂರಿನ ಮನೆಯ ಮಹಡಿಯಲ್ಲಿ ಶೀಟು ಹಾಕಿಸಿ, ಮರ ಕೊಯ್ಯುವ ಮೆಷಿನ್ ತಂದಿಟ್ಟುಕೊಂಡಿದ್ದೆ. ತೀರಿಹೋದ ಅಣ್ಣನ ಮಗಳ ಮದುವೆ ಗೊತ್ತಾದಾಗ, ವಧೂವರರ ಎರಡು ಹಸೆಮಣೆಗಳನ್ನೂ ನಾನೇ ಮಾಡುತ್ತೇನೆಂದು ಎಲ್ಲರೆದುರು ಕೊಚ್ಚಿಕೊಂಡುಬಿಟ್ಟೆ.

ಸಿಕ್ಕಿದ್ದು ಮೂರೇ ಹಲಸಿನ ಹಲಗೆ. ಮೊದಲನೆಯದನ್ನು ಕೊಯ್ದರೆ ಅಂಚೆಲ್ಲ ಕರಕಲು. ಬ್ಲೇಡು ಬದಲಾಯಿಸಿ ಚೂರು ಮರದ ಮೇಲೆ ನೋಡಿದೆ, ಮತ್ತೆ ಅದೇ ಕಪ್ಪು. ಮದುವೆಗೆ ಹತ್ತೇ ದಿನ. ಉಳಿದ ಎರಡು ಹಲಗೆಗಳಲ್ಲಿ ಒಂದು ಸುಟ್ಟರೂ ನನ್ನ ಮಾನ ಹೋದಂತೆ.

ಅಷ್ಟರಲ್ಲಿ ಕೆಳಗಿನಿಂದ ಅತ್ತಿಗೆ ಬಂದರು. ಅಣ್ಣ ಹೋದ ಮೇಲೆ ಅವನ ರೈಲ್ವೆ ಕೆಲಸ ಅವರಿಗೆ ಸಿಕ್ಕಿತ್ತು. ವರ್ಕ್‌ಶಾಪಿನ ಮರಗೆಲಸದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಅವರನ್ನು ಕೇಳಲು ನನಗೆ ಬಿಗುಮಾನ.

"ಏನಪ್ಪಾ, ಮೇಲೆ ಹೋಮ ಮಾಡ್ತಿದ್ದೀಯಾ? ಹೊಗೆ ಕೆಳಗಡೆವರೆಗೂ ಬರ್ತಿದೆ."

"ಬ್ಲೇಡೇ ಸರಿಯಿಲ್ಲ ಅತ್ತಿಗೆ. ಎರಡನೇದು ಇದು. ಎಲ್ಲಾ ಮೋಸ!"

"ಪಾಪ, ಬ್ಲೇಡ್ ಮೇಲೆ ಯಾಕೆ ಕೋಪ? ಸುಟ್ಟಿರೋದು ಒಂದೇ ಕಡೆ ತಾನೇ, ನೋಡು. ಬ್ಲೇಡಿನ ತಪ್ಪಾಗಿದ್ರೆ ಎರಡೂ ಕಡೆ ಸುಡ್ಬೇಕಿತ್ತು."

ಅವರು ಪ್ಲಗ್ ಕಿತ್ತರು. ಹಲಗೆಯನ್ನು ಆನಿಸಿ ತಳ್ಳುವ ಪಟ್ಟಿಗೂ ಬ್ಲೇಡಿಗೂ ಇದ್ದ ಅಂತರವನ್ನು ಸ್ಕೇಲಿನಿಂದ ಮುಂದೊಮ್ಮೆ, ಹಿಂದೊಮ್ಮೆ ಅಳೆದರು.

"ಹಿಂದುಗಡೆ ಅಂತರ ಅರ್ಧ ನೂಲಿನಷ್ಟು ಕಮ್ಮಿ. ಒಳಗೆ ಹೋಗ್ತಾ ಹೋಗ್ತಾ ಹಲಗೆಗೆ ಇಕ್ಕಟ್ಟಾಗತ್ತೆ, ಬ್ಲೇಡಿಗೆ ಉಜ್ಜತ್ತೆ. ಸುಡದೆ ಇನ್ನೇನು?" ಆಮೇಲೆ ಅಂಚಿನ ನಡುವೆ ಇನ್ನಷ್ಟು ಕಪ್ಪಾಗಿದ್ದ ಜಾಗಕ್ಕೆ ಬೆರಳಿಟ್ಟರು. "ಇಲ್ಲಿ ನೀನು ಕೈ ಬದಲಾಯಿಸೋಕೆ ನಿಂತಿದ್ದೀಯ. ಕಾವಲಿ ಮೇಲೆ ದೋಸೆ ಬಿಟ್ಟು ಫೋನಲ್ಲಿ ಮಾತಾಡಿದ್ರೆ ಸೀದುಹೋಗಲ್ವಾ?"

ನಾನು ಕೊಯ್ಯುವುದನ್ನು ಅವರು ನೋಡಿಯೇ ಇರಲಿಲ್ಲ. ಬರೀ ಮರ ನೋಡಿ ನನ್ನ ತಪ್ಪನ್ನೆಲ್ಲ ಹೇಳಿದರು. ಭಲೇ ಅತ್ತಿಗೆ ಅಂದುಕೊಂಡೆ. ಇಷ್ಟು ದಿನ ಕೇಳದೆ ಇದ್ದದ್ದಕ್ಕೆ ನಾಚಿಕೆಯೂ ಆಯಿತು. ಅವರು ಪಟ್ಟಿಯನ್ನು ನೇರ ಮಾಡಿದ ಮೇಲೆ ಚೂರು ಮರ ಕಲೆಯಿಲ್ಲದೆ ಹೊರಬಂತು.

"ನನ್ನ ಕೈ ನಂಬೋ ಹಾಗಿಲ್ಲ. ಮಣೆ ನೀವೇ ಕೊಯ್ದುಬಿಡಿ," ಎಂದೆ.

ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಹಸೆಮಣೆ ಅಲ್ವಾ? ಗಂಡ ಇಲ್ಲದೋಳು ನಾನು ಮುಟ್ಟಬಾರದಪ್ಪ. ನಾಳೆ ಯಾರಾದ್ರೂ ಆಡ್ಕೋತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಯಾವನು ಆಡ್ಕೊಳೋದು? ಸಾಕಿ ಸಲಹಿದ್ದು ನೀವು! ನೀವು ಮುಟ್ಟದ ಮಣೆ ಮೇಲೆ ನಿಮ್ಮ ಮಗಳು ಕೂರೋದೇ ಬೇಡ!"

ಅತ್ತಿಗೆ ಕಟ್ಟಿದ್ದ ಕೈ ಬಿಚ್ಚಿದರು. ಆಮೇಲೆ ಸೆರಗು ಬಿಗಿದುಕೊಂಡು ಹಲಗೆಯನ್ನು ಎಲ್ಲೂ ನಿಲ್ಲಿಸದೆ ಒಂದೇ ಹದದಲ್ಲಿ ತಳ್ಳಿದರು. ಕೊನೆಯ ಗೇಣನ್ನು ಬೆರಳು ಬ್ಲೇಡಿಗೆ ತಾಗದಂತೆ ಕೋಲಿನಿಂದ ದಾಟಿಸಿದರು. ಕೊಯ್ದ ಅಂಚು ಆಗತಾನೆ ತೇಯ್ದ ಅರಿಶಿನದ ಹಾಗಿತ್ತು. ಎರಡನೆಯದೂ ಹಾಗೆಯೇ.

ಮದುವೆಯ ದಿನ ಮಣೆ ಹಾಕುವಾಗ ಗಂಡಿನ ಕಡೆಯ ಹಿರಿಯರೊಬ್ಬರು ಅಂಚು ಸವರಿ, "ಎಂಥ ಕೆಲಸ! ಯಾರು ಮಾಡಿದ್ದು?" ಎಂದರು. ಹಿಂದಿನ ಸಾಲಿನಲ್ಲಿದ್ದ ಅತ್ತಿಗೆ ಬೇಡ ಬೇಡ ಎಂದು ನನಗೆ ಕೈಸನ್ನೆ ಮಾಡಿದರು.

"ಹುಡುಗಿಯ ಅಮ್ಮ," ಎಂದೆ, ಛತ್ರಕ್ಕೆಲ್ಲ ಕೇಳುವ ಹಾಗೆ.

ಕೂರಲು ಬಂದ ಮದುಮಗಳು ಕೂರಲೇ ಇಲ್ಲ. "ಅಮ್ಮಾ, ಇಂಗೆ ವಾ," ಎಂದು ಪೆರಂಬೂರಿನಲ್ಲಿ ಬೆಳೆದವಳು ತಮಿಳಿನಲ್ಲೇ ಹತ್ತಿರ ಕರೆದು ಕೈ ಚಾಚಿದಳು. ಅತ್ತಿಗೆ ಎದ್ದು ಬಂದರು. ಧಾರೆ ಮುಗಿಯುವವರೆಗೂ ಮಗಳ ಪಕ್ಕದಲ್ಲೇ ನಿಂತಿದ್ದರು. ಯಾರೂ ತಡೆಯಲಿಲ್ಲ. ತಡೆದಿದ್ದರೆ ನಾನಿದ್ದೆ.