ದೇವರ ಕೋಣೆಯ ಗೂಟಗಳು

ಗೆಳೆಯರೇ, ಮನೆಗೆ ಬಣ್ಣ ಹಚ್ಚಲು ಬಂದವನು ಇವತ್ತು ಕೇಳಿದ: “ದೇವರ ಖೋಲ್ಯಾಗ ಇಷ್ಟ್ಯಾಕ್ರಿ ಗೂಟ? ಕಿತ್ತ್ ಬಿಡ್ಲೇನ್ರಿ?” ತೊಂಬತ್ತರ ದಶಕದ ಒಂದು ಸಂಜೆ ನೆನಪಾಯಿತು.

ಅಂದು ಹೆಂಡತಿ ತವರಿಗೆ ಹೋಗಿದ್ದಳು. ಗೆಳೆಯರೆಲ್ಲ ಸೇರಿ ಕಾಕ್‌ಟೇಲ್ ಪಾರ್ಟಿ ಎಂದರು. ಜೇವರ್ಗಿಯ ನಮ್ಮ ಮನೆಯಲ್ಲಿ ಅದೆಂದರೆ ರಮ್ಮಿಗೆ ನಿಂಬೆಹಣ್ಣು ಹಿಂಡಿದ್ದು, ಅಷ್ಟೇ. ಕೊರಳಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕುಡಿಯಲು ಎಲ್ಲರಿಗೂ ಅಂಜಿಕೆ. ಲಿಂಗ ತೆಗೆದು ದೇವರ ಕೋಣೆಯ ಗೂಟಗಳಿಗೆ ತೂಗುಹಾಕಿ ಬಂದು ಗ್ಲಾಸು ಹಿಡಿದೆವು.

ಮೊದಲ ಗುಟುಕು ಇಳಿಯುವ ಮೊದಲೇ ಬಾಗಿಲು ಬಡಿದ ಸದ್ದು. ಕಿಟಕಿಯಿಂದ ಇಣುಕಿದರೆ ಅಂದೋಲಾ ಊರಿನ ದೊಡ್ಡಪ್ಪ! ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಗೆಳೆಯರನ್ನು ಗ್ಲಾಸು ಸಮೇತ ಮಾಳಿಗೆಗೆ ಅಟ್ಟಿದೆ. ಬಾಟಲಿಯನ್ನು ಜೋಳದ ಚೀಲದಲ್ಲಿ ಹುಗಿದು, ಊದಿನಕಡ್ಡಿ ಹಚ್ಚಿ ಬಾಗಿಲು ತೆಗೆದೆ.

“ಮನ್ಯಾಗ ಯಾರ್‍ಯಾರ್ ಅದೀರಿ?”

“ನಾ ಒಬ್ಬನೇ ಅದೀನ್ರಿ, ದೊಡ್ಡಪ್ಪಾ.”

ಕಾಲು ತೊಳೆದವರೇ ನೇರ ದೇವರ ಕೋಣೆಗೆ ಹೋದರು. ಆಗ ನನಗೆ ಗೂಟಗಳು ನೆನಪಾದವು.

“ಮತ್ತ ಇವೆಲ್ಲಾ ಯಾರ್ವು ಲೇ?”

ಅಷ್ಟರಲ್ಲಿ ಮಾಳಿಗೆಯ ಮೇಲೆ ಗ್ಲಾಸೊಂದು ಠಣ್ ಎಂದಿತು. ದೊಡ್ಡಪ್ಪ ತಲೆಯೆತ್ತಿ ಮೇಲೆ ನೋಡಿದರು. ಆಮೇಲೆ ತಮ್ಮ ಕೊರಳಿನ ಲಿಂಗವನ್ನು ಮೆಲ್ಲಗೆ ತೆಗೆದು ಖಾಲಿ ಗೂಟಕ್ಕೆ ಹಾಕಿದರು.

“ಮ್ಯಾಲ ಕುಂತವ್ರನ್ನ ಕರಿ. ನಿಮ್ಮ ದೊಡ್ಡವ್ವಗ ಹೇಳಿದಿ ಅಂದ್ರ ಹಲ್ಲ ಮುರೀತೇನಿ.”

ಬಣ್ಣದವನಿಗೆ ಹೇಳಿದೆ: “ಒಂದೂ ಕೀಳಬ್ಯಾಡಪಾ. ಈಗ ದೊಡ್ಡಪ್ಪ ನಾನೇ ಅದೀನಿ.”