ಶಟರ್ ಎಳೆದ ಭಾನುವಾರ

ಆಗೆಲ್ಲ ದಿಲ್ಲಿಯ ಭಾನುವಾರ ನಮ್ಮ ಪಾಲಿಗೆ ಇರಲಿಲ್ಲ. ಊರಿಗೆ ರಜೆ ಬಂತೆಂದರೆ ನಮ್ಮ ಮನೆಗೆ ಕೆಲಸ ಬಂತೆಂದೇ ಲೆಕ್ಕ. ಕುಂದಾಪುರದ ಕಡೆಯಿಂದ ಬಂದ ಅಪ್ಪ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ಸುತ್ತಲಿನ ಹೌಸಿಂಗ್ ಸೊಸೈಟಿಗಳವರೆಲ್ಲ ಆರಾಮವಾಗಿ ಚಪ್ಪಲಿ ಎಳೆಯುತ್ತ ದೋಸೆಗೆ ಬರುತ್ತಿದ್ದರು. ನಾನು ಮೂಲೆಯ ಮೇಜಿನಲ್ಲಿ, ಸಾಂಬಾರಿನ ಘಮದ ನಡುವೆ ಹೋಂವರ್ಕ್ ಮಾಡುತ್ತ, ಮಕ್ಕಳ ಜೊತೆ ಹರಟುವ ಅವರಿವರ ಅಪ್ಪಂದಿರನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ನಮ್ಮ ರಜೆ ಸೋಮವಾರ. ಅಂದು ನನಗೆ ಶಾಲೆ. ಬೇಸಿಗೆ ರಜೆಯಲ್ಲಿ ಹೊರಟರೆ, ಸೋಮವಾರ ಮ್ಯೂಸಿಯಂಗಳಿಗೆ ಬೀಗ. ಆಟದ ರೈಲು ಓಡುವ ಮ್ಯೂಸಿಯಮ್ಮಿನ ಗೇಟಿನವರೆಗೂ ಹೋಗಿ ಹಿಂದಿರುಗಿದ ದಿನ ನಾನು ಹಠ ಹಿಡಿದೆ.

"ಸಂಡೇ ಹೋಗೋಣ ನಾ, ಅಪ್ಪ. ಎಲ್ಲರ ಪಾಪಾನೂ ಕರ್ಕೊಂಡು ಹೋಗ್ತಾರೆ."

"ಚಲೋ, ಒಂದು ಸಂಡೇ ತಾನೆ," ಎಂದರು ಅಪ್ಪ.

ಆ ಭಾನುವಾರ ಅಮ್ಮ ಒಗ್ಗರಣೆ ಅವಲಕ್ಕಿಯನ್ನು ಡಬ್ಬಿಗೆ ತುಂಬಿದಳು. ಅಪ್ಪ ಮದುವೆಗೆಂದು ಇಟ್ಟಿದ್ದ ನೀಲಿ ಅಂಗಿ ತೊಟ್ಟರು. ರೈಲಿನ ಕ್ಯೂನಲ್ಲಿ ನನ್ನ ಕೈ ಹಿಡಿದುಕೊಂಡು, ನನಗಿಂತ ಹೆಚ್ಚು ಆಸೆಯಿಂದ ಎಂಜಿನ್ನನ್ನು ಇಣುಕಿ ನೋಡುತ್ತಿದ್ದರು. ಇನ್ನೇನು ನಮ್ಮ ಸರದಿ ಎನ್ನುವಾಗ, ವಾರವಾರ ಬರುವ ಗಿರಾಕಿಯೊಬ್ಬರು ಹಿಂದಿನಿಂದ ಕೂಗಿದರು.

"ಅರೇ ಭಯ್ಯಾ, ನೀವಿಲ್ಲಿ ಮಜಾ ಮಾಡ್ತಿದ್ದೀರಾ? ನಾವು ನಿಮ್ಮ ಶಟರ್ ನೋಡಿ ಹಸ್ಕೊಂಡು ಬಂದ್ವಿ."

ಹಿಂದಿಯಲ್ಲಿ ಆಡಿದ ಬರೀ ತಮಾಷೆ ಅದು. ಆದರೆ ಅಪ್ಪ ನನ್ನ ಕೈ ಬಿಟ್ಟು ಎರಡೂ ಕೈ ಜೋಡಿಸಿದರು.

"ಸಾರಿ ಸಾಬ್. ಮಗಳ ಹಠ. ಸಂಜೆ ತೆರೀತೇನೆ."

ಕ್ಯೂನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಮುಗಿದ ಅಪ್ಪನಿಗಾಗಿ ನಾಚಿದೆನೋ, ಹಠ ಮಾಡಿದ ನನಗಾಗಿಯೋ, ಇವತ್ತಿಗೂ ಬಿಡಿಸಿ ಹೇಳಲಾರೆ. "ನೀವಿಬ್ರೂ ಕೂತ್ಕೊಳ್ಳಿ, ನಾನು ಹಿಟ್ಟು ನೋಡ್ಬೇಕು," ಎಂದು ಅಪ್ಪ ಹೊರಗೆ ಆಟೋ ಹಿಡಿಯಲು ಹೋದರು. ಅಮ್ಮನೂ ನಾನೂ ರೈಲಿನಲ್ಲಿ ಒಂದು ಸುತ್ತು ಬಂದೆವು. ಆಮೇಲೆ ನಾನು ಭಾನುವಾರ ಕೇಳಲಿಲ್ಲ, ಅಪ್ಪನೂ ಕೊಡಲಿಲ್ಲ.

ಈಗ ನನಗೆ ಗುರುಗ್ರಾಮದ ಆಫೀಸಿನಲ್ಲಿ ವಾರಕ್ಕೆರಡು ರಜೆ. ಹೋಟೆಲು ಬೇರೆಯವರ ಕೈ ಸೇರಿ, ಅಪ್ಪನಿಗೆ ದಿನವೂ ಬಿಡುವೇ. ಬಿಡುವಿನಲ್ಲಿ ನೆಮ್ಮದಿಯಾಗಿ ಕೂರುವುದು ಮಾತ್ರ ಅವರಿಂದ ಆಗುವುದಿಲ್ಲ. ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತಿರುವಾಗ ಹಳೆಯ ಗಿರಾಕಿ ಯಾರಾದರೂ ನಮಸ್ತೇ ಎಂದರೆ ಸಾಕು, ಮೊಣಕಾಲು ಹಿಡಿದುಕೊಂಡು ದಡಬಡ ಎದ್ದು ನಿಲ್ಲುತ್ತಾರೆ.

"ಹೀಗೇ, ಐದು ನಿಮಿಷ ಕೂತೆ ಸಾಬ್," ಎನ್ನುತ್ತಾರೆ.